ಒತ್ತದ ಗುಂಡಿ

ಲೀತ್, ಎಡಿನ್‌ಬರೋ
ಭಾನುವಾರ, ಮಾರ್ಚ್ ೨೨, ೨೦೦೯

ಪ್ರೀತಿಯ ತಮ್ಮ ತೊರ್ಕಿಲ್‌ಗೆ,

ಭಾನುವಾರ ಕೂತು ಪತ್ರ ಬರೆಯುತ್ತಿದ್ದೇನೆ. ಅಮ್ಮ ಇದ್ದಿದ್ದರೆ ಪೆನ್ನು ಕಿತ್ತುಕೊಂಡು ಒಲೆಗೆ ಹಾಕಿ, ದೇವರ ದಿನ ಒಗೆದ ಬಟ್ಟೆ ಹರವುವವಳಿಗೂ ನಿನಗೂ ಏನೇ ವ್ಯತ್ಯಾಸ ಅಂತ ಕೇಳುತ್ತಿದ್ದಳು. ವಾರದ ಉಳಿದ ಆರು ದಿನವೂ ಬರೆಯಲು ಕೂತು ಎದ್ದಿದ್ದೇನೆ, ಆದ್ದರಿಂದ ಇವತ್ತೊಂದು ದಿನ ಅವಳು ಕ್ಷಮಿಸಲಿ, ನೀನೂ ಕ್ಷಮಿಸು.

ಹತ್ತು ದಿನದಿಂದ ನಿನ್ನ ಫೋನ್ ಎತ್ತಿಲ್ಲ. ಮೂರು ಸಲ ನೀನು ಫೋನಿನ ಯಂತ್ರಕ್ಕೆ ಬೈದು ಇಟ್ಟಿದ್ದೀಯ. ಮೂರನ್ನೂ ಕೇಳಿಸಿಕೊಂಡಿದ್ದೇನೆ, ಎರಡನೆಯದನ್ನು ಎರಡು ಸಲ. “ಅಕ್ಕಾ, ಊನಾ ಹೇಳೋದು ನಿಜವೇನೇ? ನಿನ್ನ ತಿದ್ದುಪಡಿಗೆ ನೀನೇ ವೋಟಿನ ಗುಂಡಿ ಒತ್ಲಿಲ್ವಂತೆ! ಬೆರಳಿಗೆ ಏನು ಬಂದಿತ್ತು ನಿಂಗೆ?” ಅಂದಿದ್ದೀಯ. ನಿನ್ನ ಹಿಂದೆ ಹಡಗಿನ ಇಂಜಿನ್ ಗುಡುಗುಡು ಅನ್ನುತ್ತಿತ್ತು. ಕೆಲಸದ ಮಧ್ಯೆ ಫೋನ್ ಮಾಡಿದ್ದೀಯ ಅಂದರೆ ಎಷ್ಟು ಕೋಪ ಬಂದಿರಬೇಕು ಅಂದುಕೊಂಡೆ.

ನಿಜ ಕಣೋ. ನಿನ್ನ ಹೆಂಡತಿ ಕಂಡದ್ದನ್ನೇ ಹೇಳಿದ್ದಾಳೆ. ಊರಿನ ಪತ್ರಿಕೆಯವರು ‘ಗುಂಡಿ ಮರೆತ ಸದಸ್ಯೆ’ ಅಂತ ನನ್ನ ಫೋಟೋ ಹಾಕಿದ್ದಾರೆ, ಅದು ಮಾತ್ರ ಸುಳ್ಳು. ಮರೆತಿರಲಿಲ್ಲ. ಫೋಟೋ ಕೂಡ ಎಂಟು ವರ್ಷ ಹಿಂದಿನದು, ಅದಕ್ಕೆ ಅವರಿಗೊಂದು ನಮಸ್ಕಾರ. ಆವತ್ತು ಏನಾಯಿತು ಅನ್ನುವುದನ್ನು ಮೊದಲಿಂದ ಹೇಳುತ್ತೇನೆ. ಪೂರ್ತಿ ಓದಿದ ಮೇಲೆ ಬೈಯುವುದಿದ್ದರೆ ಬೈ.

ಗುರುವಾರ, ಹನ್ನೆರಡನೆಯ ತಾರೀಖು. ಸಂಸತ್ತಿನಲ್ಲಿ ಶಾಲಾ ಮಸೂದೆಯ ಕೊನೆಯ ಹಂತ. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯನ್ನು ಮುಚ್ಚುವ ಅಧಿಕಾರವನ್ನು ಸ್ಥಳೀಯ ಮಂಡಳಿಗೇ ಕೊಡುವ ಮಸೂದೆ ಅದು. ಅದಕ್ಕೆ ಬಂದ ತಿದ್ದುಪಡಿಗಳು ಎಂಬತ್ತಕ್ಕೂ ಮೇಲೆ. ನಲವತ್ತೇಳನೆಯದು ನನ್ನದು: ದ್ವೀಪದಲ್ಲಿ ಇರುವುದು ಒಂದೇ ಶಾಲೆಯಾದರೆ, ಹೆತ್ತವರು ಒಪ್ಪದೆ ಅದನ್ನು ಮುಚ್ಚಬಾರದು. ಎರಡೇ ಸಾಲು. ಆ ಎರಡು ಸಾಲಿಗೆ ಒಂದೂವರೆ ವರ್ಷ ಕಂಡಕಂಡವರ ಬಾಗಿಲು ತಟ್ಟಿದ್ದೇನೆ. ಸಮಿತಿಯಲ್ಲಿ ಬಿತ್ತು, ಮತ್ತೆ ಎತ್ತಿ ನಿಲ್ಲಿಸಿದೆ.

ಯಾರಿಗೆ ಹೇಳುತ್ತಿದ್ದೇನೆ ನೋಡು! ನಮ್ಮ ವಾರ್ನಸೇ ದ್ವೀಪದ ಶಾಲೆ ಮುಚ್ಚಿದರೆ ಆ ಒಂಬತ್ತು ಮಕ್ಕಳನ್ನು ಬೆಳಗ್ಗೆ ಏಳರ ಹಡಗಿಗೆ ಹತ್ತಿಸಿಕೊಳ್ಳಬೇಕಾದವನೇ ನೀನು. ಜನವರಿಯಲ್ಲಿ ಹಡಗು ವಾಪಸು ಬರಲಾರದ ದಿನ ಅವರು ಆಚೆ ದಂಡೆಯಲ್ಲಿ ಯಾರದೋ ಮನೆಯಲ್ಲಿ ಮಲಗಬೇಕು. ಅವರಲ್ಲಿ ನಿನ್ನ ಮಗಳು ಸೋರ್ಖಾ ಕೂಡ ಒಬ್ಬಳು. ಊನಾಗೆ ಹತ್ತೊಂಬತ್ತು ವರ್ಷದ ಟೀಚರ್ ಕೆಲಸ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡ.

ಆವತ್ತು ಊನಾ ಆ ಮಕ್ಕಳನ್ನು ಸಂಸತ್ತು ತೋರಿಸಲು ಕರೆದುಕೊಂಡು ಬಂದಾಗ ಹನ್ನೊಂದೂವರೆ. ಕಾವಲಿನವರು ಸೋರ್ಖಾಳ ಜೇಬು ತಪಾಸಣೆ ಮಾಡಿದರು. ಹದಿನಾಲ್ಕು ಚಿಪ್ಪು, ಒಂದು ಒಣಗಿದ ಏಡಿ ಕಾಲು. “ಇದು ಯಾಕಮ್ಮಾ?” ಅಂತ ಕೇಳಿದ್ದಕ್ಕೆ, “ಅತ್ತೆ ಮಾತಾಡುವಾಗ ಯಾರಾದ್ರೂ ನಂಬ್ಲಿಲ್ಲ ಅಂದ್ರೆ ತೋರ್ಸೋಕೆ” ಅಂದಳು. ಏನನ್ನು ನಂಬಬೇಕು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲರಿಗೂ ಕ್ಯಾಂಟೀನಿನಲ್ಲಿ ಬಾರ್ಲಿ ಸೂಪು, ಓಟ್ಸ್ ರೊಟ್ಟಿ ಕೊಡಿಸಿದೆ. ನಮ್ಮ ಕಡೆಯ ಓಟ್ಸ್ ರೊಟ್ಟಿಯಷ್ಟು ಚೆನ್ನಾಗಿಲ್ಲ ಇಲ್ಲಿನದು ಅಂತ ಒಂಬತ್ತೂ ಜನ ಒಮ್ಮತದಿಂದ ತೀರ್ಮಾನಿಸಿದರು. ಆವತ್ತು ಆ ಕಟ್ಟಡದಲ್ಲಿ ಒಮ್ಮತದ ತೀರ್ಮಾನ ಅದೊಂದೇ.

“ಅತ್ತೆ, ನಿನ್ನ ಕುರ್ಚಿ ಯಾವ್ದು?” ಅಂತ ಸೋರ್ಖಾ ಕೇಳಿದಳು. ಮೂರನೆಯ ಸಾಲು, ಎಡದಿಂದ ಐದನೆಯದು ಅಂದೆ. ಬೆರಳು ಮಡಚಿ ನೆನಪಿಟ್ಟುಕೊಂಡಳು.

ಒಂದೂವರೆಗೆ ಕಾಗದ ತರಲು ನನ್ನ ಕೋಣೆಗೆ ಹೋಗಿ ಇಳಿದು ಬರುತ್ತಿದ್ದೆ. ಕೆಳಗಿನ ಮಹಡಿಯಲ್ಲಿ ವಾಲ್ಟರ್ ಕ್ರ್ಯಾನ್‌ಸ್ಟನ್‌ನ ಬಾಗಿಲು ತೆರೆದಿತ್ತು. ಅವನ ಹೆಸರು ನೀನು ನನ್ನ ಬಾಯಲ್ಲಿ ಕೇಳಿದ್ದೀಯ, ಒಳ್ಳೆಯ ಮಾತಿನ ಜೊತೆಗಲ್ಲ. ದಕ್ಷಿಣದ ಗಡಿ ಸೀಮೆಯವನು, ಕುರಿ ಸಾಕುವವರ ಮನೆತನ, ಆಡಳಿತ ಪಕ್ಷ. ಮೀನಿನ ವಿಷಯಕ್ಕೆ, ಹಡಗಿನ ವಿಷಯಕ್ಕೆ ಹತ್ತು ವರ್ಷದಿಂದ ನಾವಿಬ್ಬರೂ ಕಿತ್ತಾಡಿದ್ದೇವೆ. ಆವತ್ತು ಅವನು ಕಿಟಕಿಯ ಗೂಡಿನಲ್ಲಿ, ಕೋಟು ಮಡಿಲಲ್ಲಿಟ್ಟುಕೊಂಡು, ಫೋನನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದ.

“ಏನ್ರೀ ಕ್ರ್ಯಾನ್‌ಸ್ಟನ್, ಊಟ ಆಗ್ಲಿಲ್ವಾ?” ಅಂದೆ, ಸುಮ್ಮನೆ ಹೋಗುವುದು ಚೆನ್ನಾಗಿರುವುದಿಲ್ಲ ಅಂತ.

“ಎಲ್ಸ್‌ಪೆತ್ ಇವತ್ತು ದಾಟೋದು ಕಷ್ಟ ಅಂತೆ. ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದ್ಲು. ಬರೋದಾದ್ರೆ ಈಗ್ಲೇ ಬನ್ನಿ ಅಂದ್ಲು.”

ಎಲ್ಸ್‌ಪೆತ್ ಅವನ ಹೆಂಡತಿ. ಕಾಯಿಲೆ ಅಂತ ಗೊತ್ತಿತ್ತು. ಇಷ್ಟು ಮುಂದೆ ಹೋಗಿದೆ ಅಂತ ಗೊತ್ತಿರಲಿಲ್ಲ.

“ಮತ್ತೆ ಇಲ್ಲೇನ್ ಮಾಡ್ತಿದೀರಿ?”

“ಬಿಡ್ತಿಲ್ಲ ಎಫಿ. ಇವತ್ತು ಜೋಡಿ ಇಲ್ಲ ಅಂತ ಎರಡೂ ಕಡೆಯವ್ರು ಹೇಳ್ಬಿಟ್ಟಿದಾರೆ. ಐದು ಗಂಟೆವರೆಗೆ ಹೇಗಾದ್ರೂ ಕೂತ್ಕೊಳಪ್ಪಾ ಅಂತಾರೆ.”

ಜೋಡಿ ಅಂದರೆ ಏನು ಅಂತ ನಿನಗೊಮ್ಮೆ ಹೇಳಿದ್ದೆ. ಆ ಕಡೆಯ ಒಬ್ಬರು ತುರ್ತಾಗಿ ಹೋಗಬೇಕಾದರೆ ಈ ಕಡೆಯ ಒಬ್ಬರು ಗುಂಡಿ ಮುಟ್ಟದೆ ಕೂರುವುದು. ಆಗ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಸಾಧಾರಣವಾಗಿ ಸಚೇತಕರು ಬೆಳಗ್ಗೆ ಪಟ್ಟಿ ಮಾಡಿಕೊಳ್ಳುತ್ತಾರೆ, ಆದರೆ ಅದಕ್ಕೆ ಕಾನೂನಿಲ್ಲ, ಸಹಿಯಿಲ್ಲ, ಬರೀ ಬಾಯಿಮಾತು. ನೀನು ನಕ್ಕು, “ಹಂಗಾದ್ರೆ ಜೋಡಿ ಜೋಡಿಯಾಗಿ ಎಲ್ರೂ ಮನೆಗೆ ಹೋಗಿ, ದೇಶ ಉದ್ಧಾರ ಆಗತ್ತೆ” ಅಂದಿದ್ದೆ. ಆವತ್ತು ಲೆಕ್ಕ ತೀರಾ ಬಿಗಿಯಾಗಿದ್ದರಿಂದ ಪಟ್ಟಿಯನ್ನೇ ರದ್ದು ಮಾಡಿದ್ದರು.

ನಾನು ಯೋಚಿಸಲಿಲ್ಲ ತೊರ್ಕಿಲ್. ಯೋಚಿಸಿದ್ದರೆ ಏನಾಗುತ್ತಿತ್ತೋ.

“ಹೋಗಿ. ನಾನು ಗುಂಡಿ ಮುಟ್ಟಲ್ಲ,” ಅಂದೆ.

ಅವನು ನನ್ನ ಮುಖ ನೋಡಿದ. “ನಲವತ್ತೇಳು ನಿಮ್ದೇ ಅಲ್ವಾ?”

“ನಂದೇ. ಹೋಗಿ ಅಂದ್ನಲ್ಲ.”

“ಯಾರಿಗೂ ಹೇಳ್ಬೇಡಿ. ಕಾಯಿಲೆ ವಿಷ್ಯ ಪೇಪರಿಗೆ ಹೋಗೋದು ಅವಳಿಗೆ ಇಷ್ಟ ಇಲ್ಲ.”

“ನಾನ್ಯಾಕ್ರೀ ಹೇಳ್ಲಿ? ಏಳ್ರೀ ಮೇಲೆ!”

ಎದ್ದ. ಕೋಟಿನ ತೋಳಿಗೆ ಕೈ ಸಿಗದೆ ಒದ್ದಾಡುತ್ತಿದ್ದ, ನಾನೇ ಹಿಡಿದು ಹಾಕಿಸಿದೆ. ಕಾರಿನಲ್ಲಿ ಅವನ ಊರಿಗೆ ಒಂದು ಗಂಟೆಯ ದಾರಿ.

ಎರಡೂಕಾಲಿಗೆ ಸದನ ಸೇರಿತು. ಮೊದಲ ಮೂರು ಗುಂಪಿನ ತಿದ್ದುಪಡಿಗಳು ಸುಮ್ಮನೆ ಹೋದವು. ಇಪ್ಪತ್ತು ಮೂವತ್ತು ಮತಗಳ ಅಂತರ, ಅಲ್ಲೂ ನಾನು ಒತ್ತಲಿಲ್ಲ, ಯಾರೂ ಗಮನಿಸಲಿಲ್ಲ. ಆಮೇಲೆ ನನ್ನ ಸರದಿ. ಚೆನ್ನಾಗಿ ಮಾತಾಡಿದೆ ಕಣೋ, ನಾನೇ ಹೇಳಿಕೊಳ್ಳಬಾರದು. ಏಳರ ಹಡಗಿನ ವಿಷಯ ಹೇಳಿದೆ, ಡಿಸೆಂಬರಿನಲ್ಲಿ ಬೆಳಕು ಹರಿಯುವುದು ಎಷ್ಟು ಗಂಟೆಗೆ ಅಂತ ಸಚಿವರನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮೇಲಿನ ಗ್ಯಾಲರಿಯಿಂದ ನಮ್ಮ ಒಂದು ಮಗು “ಒಂಬತ್ತೂಕಾಲು!” ಅಂತ ಕೂಗಿಬಿಟ್ಟಿತು. ಸದನವೆಲ್ಲ ನಕ್ಕಿತು. ಸಭಾಧ್ಯಕ್ಷರು ಗ್ಯಾಲರಿಯವರು ಸುಮ್ಮನಿರಬೇಕು ಅಂತ ಗದರಿದರು, ಅವರೂ ನಗುತ್ತಿದ್ದರು. ಎದುರು ಪಕ್ಷದ ಇಬ್ಬರು ತಲೆದೂಗಿದ್ದು ಕಂಡೆ. ಗೆಲ್ಲುತ್ತೇವೆ ಅಂತ ಆಗ ಮೊದಲ ಸಲ ಅನ್ನಿಸಿತು. ಆಗಲೇ ವಾಲ್ಟರ್‌ನ ಖಾಲಿ ಕುರ್ಚಿಯ ಕಡೆ ನೋಡಿದೆ.

ಮತಕ್ಕೆ ಹಾಕುವ ಮೊದಲು ಐದು ನಿಮಿಷದ ಗಂಟೆ ಬಾರಿಸಿದರು. ನಮ್ಮ ಸಚೇತಕ ಲೋರ್ನ್ ಗಿಲ್‌ಕ್ರಿಸ್ಟ್ ಸಾಲುಗಳ ಮಧ್ಯೆ ಓಡಾಡಿ ತಲೆ ಎಣಿಸಿ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ. ಮುಖ ಅರಳಿತ್ತು.

“ಎಫೀ, ಅವರಲ್ಲಿ ಒಬ್ಬ ಇಲ್ಲ! ಕ್ರ್ಯಾನ್‌ಸ್ಟನ್ ನಾಪತ್ತೆ. ಅವರಲ್ಲಿಬ್ರು ನಮ್ಮ ಕಡೆ ಬರ್ತಾರೆ. ಅರವತ್ನಾಲ್ಕು, ಅರವತ್ಮೂರು. ಗೆದ್ವಿ ಕಣ್ರೀ!”

“ಅರವತ್ಮೂರು, ಅರವತ್ಮೂರು,” ಅಂದೆ. “ನಾನು ಒತ್ತಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಮಾತು ಕೊಟ್ಟಿದ್ದೇನೆ ಅಂತ ಹೇಳಿದೆ. ಖಾಲಿ ಕುರ್ಚಿಯನ್ನು ನೋಡಿದ, ನನ್ನನ್ನು ನೋಡಿದ, ಕಿವಿ ಕೆಂಪಾಯಿತು.

“ತಲೆ ಕೆಟ್ಟಿದ್ಯೇನ್ರೀ ನಿಮ್ಗೆ? ಇವತ್ತು ಜೋಡಿನೇ ಇಲ್ಲ! ಪಟ್ಟಿಲಿಲ್ದೆ ಇರೋ ಜೋಡಿ ಜೋಡಿನೇ ಅಲ್ಲ!”

“ಪಟ್ಟಿಗೆ ಕೊಟ್ಟಿದ್ದಲ್ಲ ಲೋರ್ನ್, ಮನುಷ್ಯನಿಗೆ ಕೊಟ್ಟಿದ್ದು.”

“ಈಗ ಒತ್ತಿ, ನಾಳೆ ಕ್ಷಮೆ ಕೇಳಿ. ಎಲ್ರೂ ಹಾಗೇ ಮಾಡೋದು. ಮೇಲೆ ನೋಡ್ರೀ ಒಂದ್ಸಲ, ನಿಮ್ಮೂರ ಮಕ್ಳನ್ನ!”

ನೋಡಿದೆ. ಅಡ್ಡಗಂಬಿಯ ಮೇಲೆ ಗದ್ದ ಊರಿಕೊಂಡು ಸೋರ್ಖಾ ನನ್ನ ಕುರ್ಚಿಯನ್ನೇ ನೋಡುತ್ತಿದ್ದಳು. ಕೈ ಬೀಸಿದಳು. ನಾನೂ ಬೀಸಿದೆ. ಆ ಕೈಯನ್ನು ಇನ್ನೊಂದು ಕೈಯ ಕೆಳಗೆ, ತೊಡೆಯ ಮೇಲೆ ಇಟ್ಟುಕೊಂಡೆ.

ಮತ ಹಾಕಲು ಕೊಡುವುದು ಅರ್ಧ ನಿಮಿಷ. ಮೂರು ಗುಂಡಿಗಳು ಕಣ್ಣೆದುರಿಗೇ ಮಿನುಗುತ್ತಿರುತ್ತವೆ, ‘ಹೌದು’ ಅನ್ನುವುದು ಎಡಗಡೆ. ಆ ಅರ್ಧ ನಿಮಿಷದಲ್ಲಿ ಹತ್ತು ಸಲ ಅಂದುಕೊಂಡೆ, ಅವನಿಗೇನು ತಿಳಿಯುತ್ತದೆ, ಅವನು ಈಗ ಹೆಂಡತಿಯ ಕೈ ಹಿಡಿದು ಕೂತಿದ್ದಾನೆ, ಯಾರೂ ನೋಡುತ್ತಿಲ್ಲ. ಆದರೆ ಯಾರೂ ನೋಡುತ್ತಿಲ್ಲ ಅನ್ನುವ ಹಾಗೂ ಇರಲಿಲ್ಲವಲ್ಲ, ಗ್ಯಾಲರಿಯಲ್ಲಿ ಒಂಬತ್ತು ಜೊತೆ ಕಣ್ಣಿದ್ದವು. ಅವೆಲ್ಲ ಒತ್ತು ಒತ್ತು ಅನ್ನುತ್ತಿದ್ದವು.

ಹೌದು ಅರವತ್ತಮೂರು. ಇಲ್ಲ ಅರವತ್ತಮೂರು. ಸಮವಾದಾಗ ಸಭಾಧ್ಯಕ್ಷರದು ಒಂದೇ ನಿಯಮ, ಮಸೂದೆ ಇದ್ದಂತೆಯೇ ಇರಲಿ ಅನ್ನುವುದು. ತಿದ್ದುಪಡಿಯ ವಿರುದ್ಧ ಮತ ಹಾಕಿದರು. ಆಮೇಲೆ ನಲವತ್ತೆಂಟನೆಯದನ್ನು ಕರೆದರು. ಐದು ಗಂಟೆಗೆ ಇಡೀ ಮಸೂದೆ ಪಾಸಾಯಿತು.

ಒಂದು ಮಾತು ಮಾತ್ರ ಕೇಳು. ಅವನು ಹೆಂಡತಿಯನ್ನು ಬಿಟ್ಟು ಅಲ್ಲೇ ಕೂತಿದ್ದು, ನಾನೂ ಒತ್ತಿದ್ದರೆ ಅರವತ್ತನಾಲ್ಕು, ಅರವತ್ತನಾಲ್ಕು. ಆಗಲೂ ಸೋಲೇ. ನಾನು ಗೆಲ್ಲಲು ಇದ್ದ ದಾರಿ ಒಂದೇ, ಅವನನ್ನು ಕಳಿಸಿ ಅವನ ಬೆನ್ನ ಹಿಂದೆ ಒತ್ತುವುದು. ಇದನ್ನು ಹತ್ತು ದಿನದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಲೆಕ್ಕ ಸರಿಯಾಗಿದೆ, ಸಮಾಧಾನ ಮಾತ್ರ ಆಗಿಲ್ಲ.

ಕೆಳಗೆ ಬಾಗಿಲ ಹತ್ತಿರ ಮಕ್ಕಳು ಕೋಟು ಹಾಕಿಕೊಳ್ಳುತ್ತಿದ್ದರು. ಸೋರ್ಖಾ ಓಡಿಬಂದಳು. “ಅತ್ತೆ, ನಿನ್ನ ಗುಂಡಿ ಕೆಟ್ಟೋಗಿತ್ತಾ?”

“ಇಲ್ಲ ಪುಟ್ಟಿ, ಗುಂಡಿ ಸರಿಯಾಗೇ ಇತ್ತು.”

“ಮತ್ತ್ಯಾಕೆ?”

ವಾಲ್ಟರ್‌ಗೆ ಕೊಟ್ಟ ಮಾತು ನೆನಪಾಗಿ ಅವಳ ಕೋಟಿನ ಕಾಲರ್ ಸರಿಮಾಡಿದೆ. ಊನಾ ನನ್ನ ಕಡೆ ನೋಡದೆ, “ಗುಂಡಿ ಹಾಕ್ಕೊ ಸೋರ್ಖಾ, ಗಾಳಿಯಿದೆ. ಬಸ್ಸಿಗೆ ಹೊತ್ತಾಯ್ತು,” ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತು ವರ್ಷದಲ್ಲಿ ಅವಳು ನನಗೆ ಹೋಗಿಬರುತ್ತೇನೆ ಅನ್ನದೆ ಹೋದದ್ದು ಅದೇ ಮೊದಲು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಎಲ್ಸ್‌ಪೆತ್ ಆವತ್ತೇ ಸಂಜೆ ಆರೂವರೆಗೆ ಹೋದಳು. ವಾಲ್ಟರ್ ಮೂರೂವರೆ ಗಂಟೆ ಜೊತೆಗಿದ್ದ. ಅವಳಿಗೆ ಎಚ್ಚರವಿತ್ತಂತೆ, ಅವನ ಗುರುತು ಹಿಡಿದು “ಊಟ ಮಾಡಿದ್ರಾ?” ಅಂತ ಕೇಳಿದಳಂತೆ. ಮಣ್ಣು ಮಾಡಿ ಬಂದ ಮೇಲೆ, ಮೊನ್ನೆ ಶುಕ್ರವಾರ, ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಕೂರಿಸಿ ಚಹಾ ಕೊಟ್ಟೆ. ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

“ಸುಳ್ಳು ಹೇಳಲ್ಲ ಎಫಿ,” ಅಂದ ಕೊನೆಗೆ. “ನಾನಿದ್ದಿದ್ರೆ ‘ಇಲ್ಲ’ ಅಂತ್ಲೇ ಒತ್ತುತ್ತಿದ್ದೆ.”

“ಗೊತ್ತು ಮಾರಾಯ್ರೇ. ಅದಕ್ಕೇ ಅಲ್ವಾ ಜೋಡಿ.”

ನಕ್ಕ. ನಕ್ಕು ಕಣ್ಣೊರೆಸಿಕೊಂಡ. “ಪೇಪರಿನವರಿಗೆ ಬೇಡ. ಆದ್ರೆ ನಿಮ್ಮ ತಮ್ಮನಿಗೆ ಹೇಳಿ. ಅವರ ಮಗಳ ಶಾಲೆ ಅದು, ಅವರಿಗೆ ಗೊತ್ತಾಗ್ಬೇಕು,” ಅಂದ. ಅವನು ಹೇಳಿದ್ದರಿಂದಲೇ ಇಷ್ಟು ಬರೆಯಲು ಸಾಧ್ಯವಾಯಿತು.

ಇನ್ನು ಉಳಿದ ಸುದ್ದಿ. ಗಿಲ್‌ಕ್ರಿಸ್ಟ್ ನನ್ನೊಡನೆ ಮಾತು ಬಿಟ್ಟಿದ್ದಾನೆ. ಮುಂದಿನ ಚುನಾವಣೆಯಲ್ಲಿ ನನಗೆ ಟಿಕೆಟ್ ಸಿಗುವುದಿಲ್ಲ ಅಂತ ಕಾರಿಡಾರಿನಲ್ಲಿ ಮಾತಾಡಿಕೊಳ್ಳುತ್ತಾರೆ. ಸಿಗದಿದ್ದರೆ ಇಲ್ಲ. ವಾರ್ನಸೇ ಶಾಲೆಯ ವಿಷಯ ಮಂಡಳಿಯ ಮುಂದೆ ಬರುವುದು ಜೂನ್‌ನಲ್ಲಿ. ಅವರು ಮುಚ್ಚುತ್ತಾರೆ, ನಿನಗೆ ಸುಳ್ಳು ಆಸೆ ತೋರಿಸುವುದಿಲ್ಲ. ಆದರೂ ಆ ಸಭೆಗೆ ನಾನು ಬರುತ್ತೇನೆ, ಮಾತಾಡುತ್ತೇನೆ. ಅದಕ್ಕೆ ಮೊದಲು ಈಸ್ಟರಿಗೆ ಊರಿಗೆ ಬಂದು ಶಾಲೆಯ ಕೋಣೆಯಲ್ಲಿ ಎಲ್ಲರ ಮುಂದೆ ನಿಂತುಕೊಳ್ಳುತ್ತೇನೆ. ಕಾರಣ ಹೇಳುವುದಿಲ್ಲ, ಅದು ವಾಲ್ಟರ್‌ನದು. ಬೈಯುವವರು ಬೈಯಲಿ. ನೀನು ಹಿಂದಿನ ಬೆಂಚಿನಲ್ಲಿ ಕೂತಿರು, ನಿನ್ನ ಮುಖ ಕಂಡರೆ ನನಗೆ ಸಾಕು.

ನಿನ್ನ ಭುಜದ ನೋವು ಹೇಗಿದೆ? ಹಗ್ಗ ಎಳೆಯುವ ಕೆಲಸ ಚಿಕ್ಕವರಿಗೆ ಬಿಡು ಅಂದರೆ ಕೇಳುವುದಿಲ್ಲ. ಊನಾ ಕಳಿಸಿದ್ದ ಉಪ್ಪು ಹೆರಿಂಗ್ ಮೀನು ಇನ್ನೂ ಅರ್ಧ ಡಬ್ಬಿ ಇದೆ, ಅವಳ ಸಿಟ್ಟು ಇಳಿಯುವವರೆಗೆ ಅದನ್ನೇ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದೇನೆ. ಸೋರ್ಖಾ ಹೋಗುವಾಗ ನನ್ನ ಕೋಟಿನ ಜೇಬಿಗೆ ಒಂದು ಚಿಪ್ಪು ಹಾಕಿ ಹೋಗಿದ್ದಾಳೆ, ಕೋಪದಲ್ಲೋ ಪ್ರೀತಿಯಲ್ಲೋ ಕೇಳಿ ಹೇಳು.

ಕಡಲು ನಿನ್ನನ್ನು ಪ್ರತಿ ಸಂಜೆ ಮನೆಗೆ ತಂದು ಮುಟ್ಟಿಸಲಿ. ಊನಾಳ ಒಲೆ ಆರದಿರಲಿ. ಸೋರ್ಖಾ ನೂರು ವರ್ಷ ಬಾಳಲಿ, ಎಲ್ಲರ ತಪ್ಪನ್ನೂ ಹೀಗೇ ಎದುರಿಗೇ ಕೇಳಲಿ.

ನಿನ್ನ ಅಕ್ಕ,
ಎಫಿ

ಮರೆತ ಮಾತು: ಮರೆತದ್ದಲ್ಲ, ಮೂರು ವರ್ಷದಿಂದ ಬರೆಯಲಾಗದ್ದು. ಅಮ್ಮ ಹೋದ ದಿನ ನೀನು ಆಸ್ಪತ್ರೆಯಿಂದ ಹನ್ನೆರಡು ಗಂಟೆಗೆ ಫೋನ್ ಮಾಡಿ, “ಅಕ್ಕಾ, ಅಮ್ಮ ನಿನ್ನೇ ಕೇಳ್ತಿದಾಳೆ, ಎರಡರ ವಿಮಾನಕ್ಕೆ ಬಂದ್ಬಿಡೇ” ಅಂದಿದ್ದೆ. ನನ್ನನ್ನು ಬಿಡಲಿಲ್ಲ ಅಂತ ಆಮೇಲೆ ಹೇಳಿದೆ. ನೀನು ನಂಬಿದೆ, ನನ್ನ ಪರವಾಗಿ ಇವತ್ತಿಗೂ ಸಂಸತ್ತಿಗೆ ಶಾಪ ಹಾಕುತ್ತೀಯ. ಅದು ಸುಳ್ಳು ತೊರ್ಕಿಲ್. ನಾನು ಕಣ್ಣೊರೆಸಿಕೊಳ್ಳುವುದನ್ನು ಮೆಟ್ಟಿಲ ಹತ್ತಿರ ಒಬ್ಬರು ಕಂಡರು, ಏನು ಅಂತ ಕೇಳಿದರು, “ಹೋಗಿ, ನಾನು ಒತ್ತಲ್ಲ” ಅಂದರು. ಅವನು ಎದುರು ಪಕ್ಷದವನು. ನನ್ನನ್ನು ಕಳಿಸಿ ಒತ್ತಿಬಿಡುತ್ತಾನೆ, ಮರುದಿನ ನನ್ನನ್ನು ನೋಡಿ ನಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಐದು ಗಂಟೆಯವರೆಗೆ ಕೂತೆ. ಎಂಬತ್ತೊಂಬತ್ತು, ಮೂವತ್ತೆರಡು. ನನ್ನ ಮತ ಯಾರಿಗೂ ಬೇಕಿರಲಿಲ್ಲ. ಅಮ್ಮ ಐದೂ ನಲವತ್ತರವರೆಗೆ ಜೀವ ಹಿಡಿದುಕೊಂಡಿದ್ದಳು, ಎರಡರ ವಿಮಾನ ಹತ್ತಿದ್ದರೆ ಮೂರೂವರೆಗೆ ಅವಳ ಹತ್ತಿರ ಇರುತ್ತಿದ್ದೆ. ಅವನು ಒತ್ತಿಯೇ ಇರುತ್ತಾನೆ, ನಾನು ಅಂದುಕೊಂಡದ್ದೇ ಸರಿ ಅಂತ ಸಮಾಧಾನ ಮಾಡಿಕೊಳ್ಳಲು ಮರುದಿನ ಸದನದ ವರದಿ ತೆಗೆದು ಹೆಸರುಗಳನ್ನು ನೋಡಿದೆ. ನಾನು ಹೋಗದೆ ಅವನೆದುರಿಗೇ ಕೂತಿದ್ದೆ, ಅವನು ಒತ್ತಬಹುದಿತ್ತು. ‘ಹೌದು’ ಅಂದವರಲ್ಲೂ ‘ಇಲ್ಲ’ ಅಂದವರಲ್ಲೂ ವಾಲ್ಟರ್ ಕ್ರ್ಯಾನ್‌ಸ್ಟನ್ ಅನ್ನುವ ಹೆಸರು ಇರಲಿಲ್ಲ.